ಆಚೆ ದಂಡೆಯ ತಂಡ

ಆಕಾಶದಲ್ಲಿ ತುಂಡು ಮೋಡವೂ ಇರಲಿಲ್ಲ. ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ನಮ್ಮೆದುರು, ಡಾಂಬರು ರಸ್ತೆಗೆ ಅಡ್ಡವಾಗಿ, ಮಣ್ಣುಬಣ್ಣದ ಹೊಳೆಯೊಂದು ಹರಿಯುತ್ತಿತ್ತು. ಹಿಂದೊಮ್ಮೆ ಅದೇ ದಾರಿಯಲ್ಲಿ ಬಂದಾಗ ಅಲ್ಲಿದ್ದದ್ದು ಬರೀ ಕಲ್ಲು ಮತ್ತು ಆಡುಗಳು.

ಒಮಾನಿನಲ್ಲಿ ಇದನ್ನು ವಾದಿ ಎನ್ನುತ್ತಾರೆ. ವರ್ಷದ ಬಹುಪಾಲು ಒಣಗಿರುವ ಕಣಿವೆ. ದೂರದ ಬೆಟ್ಟದಲ್ಲಿ ಮಳೆ ಸುರಿದರೆ ಇಲ್ಲಿ ಬಿಸಿಲಿನಲ್ಲೇ ಹೊಳೆಯಾಗುತ್ತದೆ. ನಮ್ಮ ಬಂಟ್ವಾಳದಲ್ಲಿ ನೆರೆ ಬರುವ ಮೊದಲು ಮಳೆ ದಿನಗಟ್ಟಲೆ ಹೊಡೆದು ಹೇಳಿಯೇ ಹೇಳುತ್ತದೆ. ನೀರು ಒಂದೊಂದೇ ಮೆಟ್ಟಿಲು ಏರುತ್ತದೆ. ಆ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡೇ ನಾವು ಇಲ್ಲಿಗೆ ಬಂದವರು.

ಮಸ್ಕತ್ತಿನ ದಾರ್ಸೈಟಿನ ಫ್ಲ್ಯಾಟಿನಲ್ಲಿ ಮೊದಲ ವರ್ಷ ನನಗೆ ರಜೆಯ ದಿನವೆಂದರೆ ದಿಗಿಲು. ಊರಲ್ಲಿ ಬಾಗಿಲು ತೆರೆದಿದ್ದರೆ ಸಾಕು, ಯಾರಾದರೂ ಒಳಬರುತ್ತಾರೆ. ಇಲ್ಲಿ ಎದುರು ಬಾಗಿಲಿನವರ ಹೆಸರೂ ಗೊತ್ತಿರಲಿಲ್ಲ. ಅಜೈಬಾದ ನಮ್ಮ ಕಚೇರಿಯಲ್ಲಿ ಪಕ್ಕದ ಮೇಜಿನ ಖಲ್ಫಾನ್ ಒಂದು ಸಂಜೆ ಫುಟ್‌ಬಾಲ್ ಪಂದ್ಯಕ್ಕೆ ಕರೆದೊಯ್ದ. ಮಸ್ಕತ್ತಿನ ಒಂದು ತಂಡದ ಅಭಿಮಾನಿಗಳ ಕೂಟದಲ್ಲಿ ಅವನಿದ್ದ. ಮುಂದೆ ನಾನೂ ಸೇರಿಕೊಂಡೆ. ನನ್ನ ಅರಬಿಯೆಲ್ಲ ಆ ಗ್ಯಾಲರಿಯದ್ದೇ. ರೆಫರಿಯನ್ನು ಬೈಯುವುದು ಮೊದಲು ಬಂತು, ಹೋಟೆಲಿನಲ್ಲಿ ಉಪ್ಪು ಕೇಳುವುದು ಆಮೇಲೆ. ಅಲ್ಲಿ ಡೋಲು ಬಾರಿಸುತ್ತಿದ್ದವರು ಹಮೀದಾಕ, ರೂವಿಯಲ್ಲಿ ಬಟ್ಟೆ ಅಂಗಡಿಯಿಟ್ಟ ಪಾಣೆಮಂಗಳೂರಿನ ಬ್ಯಾರಿ. ನೇತ್ರಾವತಿಯ ಆಚೆ ಈಚೆ ಬೆಳೆದ ನಮಗೆ ಪರಿಚಯವಾಗಲು ಸಮುದ್ರ ದಾಟಬೇಕಾಯಿತು.

ತಂಡ ಬೇರೆ ಊರಿಗೆ ಆಡಲು ಹೋದರೆ ನಾವೂ ಹೋಗುತ್ತೇವೆ. ಆ ದಿನ ಹೊರಟದ್ದು ರುಸ್ತಾಕ್ ಕಡೆಯ, ಬೆಟ್ಟದ ಬುಡದ ಒಂದು ಊರಿಗೆ. ಖಲ್ಫಾನನ ಕಾರಿನಲ್ಲಿ ನಾನು. ಹಿಂದೆ ಪಿಕಪ್ಪಿನಲ್ಲಿ ಡೋಲು ಹೇರಿಕೊಂಡು ಹಮೀದಾಕ ಒಬ್ಬರೇ.

ವಾದಿ ಕಂಡದ್ದೇ ಖಲ್ಫಾನ್ ಕಾರು ನಿಲ್ಲಿಸಿದ. ದಿಬ್ಬದ ಮೇಲೆ ಚಾಪೆ ಹಾಸಿ, ಖರ್ಜೂರ ಮತ್ತು ಕಾಫಿಯ ಫ್ಲಾಸ್ಕ್ ಇಟ್ಟ. ಇಲ್ಲಿಯವರ ಕ್ರಮವೇ ಅದು. ನೀರು ಇಳಿಯುವವರೆಗೆ ಕೂತಿರುವುದು, ಪಂದ್ಯವಿರಲಿ, ಮದುವೆಯಿರಲಿ. ಹಮೀದಾಕ ಕಿಟಕಿಯಿಂದ ತಲೆ ಹೊರಹಾಕಿ ನನ್ನನ್ನು ಕೇಳಿದರು.

"ಎಂತ ರೈಗಳೇ, ಇಷ್ಟು ನೀರಿಗೆ ಚಾಪೆ ಹಾಸುವುದಾ? ಮಳೆ ಸಹ ಇಲ್ಲ. ನಾವು ಹೊಳೆ ಕರೆಯಲ್ಲಿ ಹುಟ್ಟಿದವರಲ್ವಾ."

ನೀರು ಮೊಣಕಾಲಿನಷ್ಟಿತ್ತು. ನನಗೂ ಅವರ ಮಾತೇ ಸರಿ ಅನ್ನಿಸಿತು. ಬೇಡವೆಂದು ಖಲ್ಫಾನ್ ಕೈಯಾಡಿಸುತ್ತ ಏಳುವಷ್ಟರಲ್ಲಿ ಪಿಕಪ್ ನೀರಿಗಿಳಿದಿತ್ತು.

ನಡುವೆ ಇಂಜಿನ್ ನಿಂತಿತು. ರಸ್ತೆಯ ಬದಿಯಲ್ಲಿ ನೀರಿನ ಮಟ್ಟ ತೋರಿಸುವ ಕೆಂಪು ಬಿಳಿ ಪಟ್ಟಿಯ ಕಂಬವಿತ್ತು. ನಾನು ನೋಡುತ್ತಿದ್ದಂತೆ ಒಂದು ಕೆಂಪು ಪಟ್ಟಿ ಮುಳುಗಿತು, ಬಿಳಿ ಮುಳುಗಿತು. ಮೇಲಿನಿಂದ ಗುಡುಗಿನಂಥ ಸದ್ದು, ಉರುಳುತ್ತಿದ್ದ ಕಲ್ಲುಗಳು. ಪಿಕಪ್ ಅಡ್ಡ ತಿರುಗಿ ಬಂಡೆಗೆ ಒರಗಿತು. ಹಮೀದಾಕ ಕಿಟಕಿಯಿಂದ ಹತ್ತಿ ಮೇಲ್ಛಾವಣಿ ತಬ್ಬಿ ಮಲಗಿದರು. ನಾನು ನೀರಿನತ್ತ ಓಡಿದೆನಂತೆ. ಖಲ್ಫಾನ್ ನನ್ನ ಅಂಗಿ ಹಿಡಿದೆಳೆದು ಕೂರಿಸಿದ. ನನಗೆ ನೆನಪಿರುವುದು ಆ ಕಂಬ ಮಾತ್ರ. ಈಗಲೂ ಮೀಟಿಂಗಿನ ನಡುವೆ, ಹಲ್ಲುಜ್ಜುವಾಗ, ಅದರ ಪಟ್ಟಿಗಳು ಒಂದೊಂದಾಗಿ ಮುಳುಗುತ್ತವೆ.

ಆಚೆ ದಂಡೆಯಲ್ಲಿ ವಾದಿ ನೋಡಲು ಜನ ಸೇರಿದ್ದರು. ಹಲವರ ಕೊರಳಲ್ಲಿ ಎದುರಾಳಿ ತಂಡದ ಹಸಿರು ಶಾಲು. ಅವರಲ್ಲಿ ಬಿಳಿಗಡ್ಡದವನೊಬ್ಬ ತನ್ನ ಲ್ಯಾಂಡ್ ಕ್ರೂಸರಿಗೆ ಹಗ್ಗ ಕಟ್ಟಿ ಎಸೆದ. ಎರಡು ಸಲ ತಪ್ಪಿತು. ಮೂರನೆಯ ಸಲ ಹಮೀದಾಕ ಹಿಡಿದು ಸೊಂಟಕ್ಕೆ ಸುತ್ತಿಕೊಂಡರು. ಅವರನ್ನು ದಡಕ್ಕೆ ಎಳೆದು ಹಾಕಿದ ಸ್ವಲ್ಪ ಹೊತ್ತಿಗೆ ಪಿಕಪ್ ಕೊಚ್ಚಿಹೋಯಿತು.

ಸ್ವಲ್ಪ ಹೊತ್ತಿನಲ್ಲಿ ಯಾರದೋ ಫೋನಿನಿಂದ ಕರೆ ಬಂತು. "ಡೋಲು ಹೋಯ್ತು ರೈಗಳೇ. ನಾನಿದ್ದೇನೆ."

ನೀರು ಇಳಿಯಲಿಲ್ಲ, ನಾವು ಮಸ್ಕತ್ತಿಗೆ ಮರಳಿದೆವು. ಬೇರೆ ದಾರಿಯಿಂದ ಮೊದಲೇ ಹೋಗಿದ್ದ ನಮ್ಮ ತಂಡ ಆಡಿ ಸೋತಿತು. ಹಮೀದಾಕ ಆ ಪಂದ್ಯವನ್ನು ಬಿಳಿಗಡ್ಡದವನ ಉದ್ದ ನಿಲುವಂಗಿ, ದಿಶ್ದಾಶಾ ತೊಟ್ಟು, ಹಸಿರು ಶಾಲಿನವರ ನಡುವೆ ಕೂತು ನೋಡಿದರು. ಈಜಿಕೊಂಡು ಸೋಲಲು ಬಂದ ಮೊದಲ ಅಭಿಮಾನಿ ಎಂದು ಆ ಊರಿನವರು ರೇಗಿಸುತ್ತ ಅನ್ನ ಮಾಂಸ ಬಡಿಸಿದರಂತೆ. ವಾದಿಯ ವಿಡಿಯೋ ಊರಿನಲ್ಲೂ ಹರಿದಾಡಿ ಅಮ್ಮ ಫೋನ್ ಮಾಡಿದರು. ಅದು ಬೇರೆ ಕಡೆಯದ್ದು ಎಂದುಬಿಟ್ಟೆ.

ಹಸಿರು ಶಾಲಿನವರು ಮಸ್ಕತ್ತಿಗೆ ಆಡಲು ಬಂದಾಗ ಹಮೀದಾಕ ಹೊಸ ಡೋಲು ತಂದಿದ್ದರು. ನಮ್ಮವರು ಕೊನೆಯಲ್ಲಿ ಗೋಲು ಹೊಡೆದರು. ಕೂಗಲು ಎದ್ದೆ, ಎದುರಿನ ಗ್ಯಾಲರಿಯಲ್ಲಿ ಆ ಬಿಳಿಗಡ್ಡ ಎರಡೂ ಕೈಯಲ್ಲಿ ತಲೆ ಹಿಡಿದು ಕೂತಿದ್ದ. ನನ್ನ ಪಕ್ಕದಲ್ಲಿ ಡೋಲಿನ ಸದ್ದು ನಿಂತಿತ್ತು. ಹಮೀದಾಕ ಕೋಲು ಹಿಡಿದು ಅತ್ತಲೇ ನೋಡುತ್ತಿದ್ದರು.

"ಬಾರಿಸಿ, ನಮ್ಮ ಗೋಲು," ಎಂದ ಖಲ್ಫಾನ್.

"ಹೌದು," ಎಂದರು ಹಮೀದಾಕ, ಮತ್ತು ಮೆಲ್ಲಗೆ ಬಾರಿಸಿದರು.

ಊರಿನಲ್ಲಿದ್ದಾಗ ಮಸ್ಕತ್ತಿಗೆ, ಮಸ್ಕತ್ತಿನಲ್ಲಿದ್ದಾಗ ಊರಿಗೆ ಮನಸ್ಸು ಎಳೆಯುವುದು ನನಗೆ ರೂಢಿಯಾಗಿದೆ. ನಾನು ಪೂರ್ತಿಯಾಗಿ ಒಂದೇ ಕಡೆ ಇದ್ದದ್ದು ಆ ಗ್ಯಾಲರಿಯಲ್ಲಿ ಮಾತ್ರ. ಈಗ ಅಲ್ಲಿ ಕೂತರೂ ಕಣ್ಣು ಎದುರು ಬದಿಗೆ ಹೋಗುತ್ತದೆ.