ನಲವತ್ತೊಂದು ನಿಮಿಷದ ಬೆಲೆ

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಅವರು ಕಿಟಕಿಯ ಬಳಿ ಕೂತು ಪಿಟೀಲನ್ನು ಒರೆಸುತ್ತಿದ್ದರು. ನುಡಿಸದೆ ಎರಡು ವರ್ಷವಾಗಿತ್ತು. ಬಲಗೈ ನಡುಗುವ ಕಾಯಿಲೆ ಬಂದ ಮೇಲೆ ಕಮಾನು ತಂತಿಯ ಮೇಲೆ ನಿಲ್ಲುತ್ತಿರಲಿಲ್ಲ. ಬೀದಿಗೆಲ್ಲ ಅವರು ಪಿಟೀಲು ಮಾಮ. ಜೀವಮಾನವಿಡೀ ಬೇರೆಯವರ ಹಾಡಿಗೆ ಪಕ್ಕದಲ್ಲಿ ಕೂತು ನುಡಿಸಿದವರು. ತಮ್ಮದೆಂದು ಉಳಿದದ್ದು ಕೈ ಕೆಡುವ ಮುಂಚೆ ಧ್ವನಿಮುದ್ರಿಸಿಕೊಂಡ ನಲವತ್ತೊಂದು ನಿಮಿಷದ ರಚನೆ ಮಾತ್ರ.

ಮುದ್ರಣಾಲಯದಲ್ಲಿ ಕೆಲಸ ಮಾಡುವ ಮಗಳು ಅದನ್ನು ಹಾಡು ಮಾರುವ ಜಾಲತಾಣಕ್ಕೆ ಹಾಕಿದ್ದಳು. ಅಲ್ಲಿ ಮೂರು ನಿಮಿಷದ ಹಾಡಿಗೂ ಇದಕ್ಕೂ ಒಂದೇ ಬೆಲೆ. ಅಂದು ಅವಳು ಆ ಬಗ್ಗೆ ಕೇಳಿದ್ದಕ್ಕೆ ಜಾಲತಾಣದ ಕಂಪನಿ ಕೊಟ್ಟ ಉತ್ತರವನ್ನು ಓದಿ ಹೇಳಿದಳು: ಹತ್ತು ತುಂಡು ಮಾಡಿ ಕೊಟ್ಟರೆ ಹತ್ತು ಹಾಡಿನ ಬೆಲೆ.

"ಬಟ್ಟೆ ಅಂಗಡೀಲಿ ಕರವಸ್ತ್ರಕ್ಕೂ ಕಂಬಳಿಗೂ ಒಂದೇ ರೇಟು ಇಡ್ತಾರೇನಮ್ಮ? ನಿಮಿಷದ ಲೆಕ್ಕದಲ್ಲಿ ಕೊಡಲಿ."

"ಅವರಿಗೆ ಹಾಡು ಅಂದ್ರೆ ಹಾಡು, ಅಪ್ಪ. ನೀವು ನಾಲ್ಕು ನಿಮಿಷದಲ್ಲಿ ಮುಗಿಸಿದ್ರೆ ಈ ತಲೆನೋವೇ ಇರ್ತಿರಲಿಲ್ಲ."

"ನಿಮ್ಮಮ್ಮನೂ ಹಾಗೇ ಅಂತಿದ್ಲು. ಅವಳು ಹೇಳ್ತಿದ್ದಿದ್ದು ನನ್ನ ಮಾತಿಗೆ."

ಮಗಳು ನಗಲಿಲ್ಲ. ಮಾತ್ರೆಯ ಡಬ್ಬಿ ಖಾಲಿಯಾಗುತ್ತ ಬಂದಿತ್ತು. ಅವಳ ಸಂಬಳ ಬಾಡಿಗೆಗೂ ಊಟಕ್ಕೂ ಸರಿಹೋಗುತ್ತಿತ್ತು. ಮಾತ್ರೆ ತಪ್ಪಿದರೆ ನಡುಕ ಗಂಟಲಿಗೂ ಹಬ್ಬುತ್ತದೆ, ನುಂಗುವುದು ಕಷ್ಟವಾಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಮರುವಾರ ಅವರೇ ಅವಳ ಪಕ್ಕ ಕೂತು ತುಂಡು ಮಾಡಿಸಿದರು. ಆ ರಚನೆಯಲ್ಲಿ ಎಲ್ಲೂ ನಿಲುಗಡೆ ಇರಲಿಲ್ಲ. ನಿಧಾನದ ಒಂದು ಎಳೆಯೇ ಬೆಳೆಯುತ್ತ ಬೆಳೆಯುತ್ತ ವೇಗವಾಗುತ್ತಿತ್ತು. ಎಲ್ಲಿ ಕಡಿದರೂ ಸ್ವರದ ಮಧ್ಯವೇ. ಎಡಗೈ ಬೆರಳಿನಿಂದ ಪರದೆಯ ಮೇಲೆ ಒಂದೊಂದೇ ಜಾಗ ತೋರಿಸಿದರು.

ಮಾರಾಟವೇನೋ ಆಯಿತು, ಆದರೆ ಎಂಟನೆಯ ತುಂಡು ಮಾತ್ರ. ಅದು ತೀರ ವೇಗದ ಭಾಗ. ಯಾರೋ ಅದನ್ನು ನಾಯಿಗಳು ಓಡುವ ವಿಡಿಯೊಗೆ ಹಾಕಿಕೊಂಡಿದ್ದರು, ನೋಡಿದವರೂ ಕೊಳ್ಳುತ್ತಿದ್ದರು. ಮಾತ್ರೆ ತಪ್ಪದೆ ಬಂತು. ಮೊದಲನೆಯ ತುಂಡನ್ನು ಒಬ್ಬರೂ ಕೊಳ್ಳಲಿಲ್ಲ. ಹಾಗೆ ಐದು ತಿಂಗಳು ಕಳೆದ ಮೇಲೆ ಅವರು ಅದನ್ನು ಮತ್ತೆ ಜೋಡಿಸಬೇಕೆಂದರು.

"ನಾಯಿ ಓಡಿದ್ರೆ ಓಡ್ಲಿ, ಮಾತ್ರೆ ಬರ್ತಿದೆಯಲ್ಲ ಅಪ್ಪ!"

"ಬರ್ತಿದೆ. ಆದರೆ ಎಂಟನೇದು ಎಲ್ಲಿಂದ ಹುಟ್ತು ಅಂತ ಕೇಳಿದವರು ಒಬ್ಬರೂ ಇಲ್ಲ. ನಾನು ಹೋದ ಮೇಲೆ ಉಳಿಯೋದು ಆ ನಾಯಿ ಓಟ ಮಾತ್ರ."

ಮಗಳು ಕಂಪನಿಗೆ ಫೋನು ಮಾಡಲು ಒಪ್ಪಲಿಲ್ಲ. ಅವರೇ ಮಾಡಿದರು.

ಜೋಡಿಸಿದ ಮೇಲೆ ಮಾರಾಟ ನಿಂತೇಹೋಯಿತು. ಮಾತ್ರೆಯನ್ನು ಅರ್ಧರ್ಧ ಮಾಡಿ ನುಂಗತೊಡಗಿದರು. ಚಳಿಗಾಲದ ಹೊತ್ತಿಗೆ ಗಂಜಿಯೂ ಇಳಿಯದಾಯಿತು. ಚಳಿ ಮುಗಿಯುವ ಮುಂಚೆ ತೀರಿಕೊಂಡರು.

ಫೋನಿನಲ್ಲಿ ಬೇರೆ ಉತ್ತರ ಕೊಟ್ಟಿದ್ದರೆ ಅಪ್ಪ ಇನ್ನೂ ಸ್ವಲ್ಪ ಕಾಲ ಇರುತ್ತಿದ್ದರು ಎಂದು ಮಗಳು ಈಗಲೂ ಹೇಳುತ್ತಾಳೆ. ಸಿಟ್ಟಿನಿಂದಲೇ ಹೇಳುತ್ತಾಳೆ. ಆ ದಿನ ಅವರು ಫೋನನ್ನು ಎರಡೂ ಕೈಯಲ್ಲಿ ಹಿಡಿದಿದ್ದರು, ಆದರೂ ಅದು ಕಿವಿಗೆ ಬಡಿಯುತ್ತಿತ್ತು. ಕಂಪನಿಯ ಹುಡುಗಿ ತಾಳ್ಮೆಯಿಂದ ವಿವರಿಸಿದಳು: "ಸರ್, ಜೋಡಿಸಿದ್ರೆ ಒಂಬತ್ತು ಹಾಡಿನ ಬೆಲೆ ಕಳ್ಕೊಳ್ತೀರಿ. ಈ ತುಂಡುಗಳನ್ನ ಮತ್ತೆ ಹಾಕೋಕಾಗಲ್ಲ. ಯೋಚನೆ ಮಾಡಿ ಹೇಳಿ, ಒಟ್ಟು ಎಷ್ಟು ಹಾಡು ಅಂತ ಬರ್ಕೊಳ್ಳಲಿ?"

ಅವರು ಗಂಟಲು ಸರಿಮಾಡಿಕೊಂಡು, ಪಕ್ಕದ ಕೋಣೆಯಲ್ಲಿದ್ದ ಮಗಳಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು:

"ಒಂದು."