ಗೆರೆ ದಾಟಿದ ಮುದ್ರೆ

ನಮ್ಮ ಕಚೇರಿಯಲ್ಲಿ ಅರ್ಜಿಗಳಿಗೆ ಮುದ್ರೆ ಒತ್ತುವ ಗುಮಾಸ್ತರಿಗೆ ನಾವಿಟ್ಟ ಹೆಸರು ಗೆರೆಸಾಹೇಬರು. ಅರ್ಜಿಯ ಮೂಲೆಯಲ್ಲಿ ಒಂದು ಚೌಕವಿದೆ. ಮುದ್ರೆ ಅದರೊಳಗೇ ಬೀಳಬೇಕು, ಸಹಿ ಗೆರೆಯ ಮೇಲೆಯೇ ಕೂರಬೇಕು. ಕೂದಲೆಳೆಯಷ್ಟು ಆಚೀಚೆಯಾದರೂ ಅರ್ಜಿ ವಾಪಸ್. ಸಹಿಯ ಬಾಲ ಗೆರೆ ದಾಟಿತೆಂದು ನಿವೃತ್ತ ಮೇಷ್ಟ್ರೊಬ್ಬರನ್ನು ಮೂರು ಸಲ ಮನೆಗೆ ಕಳಿಸಿದ ಪುಣ್ಯಾತ್ಮ. "ಕೈ ನಡುಗುತ್ತೆ ಸಾರ್" ಎಂದು ಅವರು ಗೋಗರೆದರೆ, "ಕುಣಿಯಲಾರದವಳಿಗೆ ನೆಲ ಡೊಂಕು" ಎಂದು ಗಾದೆ ಬೇರೆ. ಪ್ರತಿ ಮುದ್ರೆಯ ಪಕ್ಕದಲ್ಲಿ ಗಂಟೆ, ನಿಮಿಷ ಬರೆಯುವುದೂ ಅವರದೇ ಚಟ. ಯಾವ ನಿಯಮದಲ್ಲೂ ಅದಿಲ್ಲ. ಪಕ್ಕದ ಮೇಜಿನಲ್ಲಿ ಟೈಪ್ ಮಾಡುವ ನಾನು ಹನ್ನೊಂದು ವರ್ಷ ಇದನ್ನೆಲ್ಲ ಹಲ್ಲು ಕಚ್ಚಿ ಸಹಿಸಿದ್ದೇನೆ.

ಒಂದು ದಿನ ಊಟಕ್ಕೆ ಮುಂಚೆ ಎದ್ದ ಸಾಹೇಬರು ಕುರ್ಚಿ ಸಮೇತ ಕಪಾಟಿನ ಮೇಲೆ ಬಿದ್ದರು. "ನೆಲ ವಾಲ್ತಾ ಇದೆಯಮ್ಮಾ" ಅಂದರು, ನಾಲಗೆ ಎಳೆಯುತ್ತಾ. ಸುಳ್ಳೇಕೆ, ಅವರದೇ ಗಾದೆ ನನ್ನ ನಾಲಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ವಾಂತಿ ಮಾಡಿಕೊಂಡರು.

ನಮ್ಮಲ್ಲಿ ಕೆಲಸ ಮಾಡುವವರಿಗೆ ಬರ, ವೈದ್ಯರಿಗಲ್ಲ. ಒಬ್ಬರು ಪಿತ್ತ ಎಂದರು, ಇನ್ನೊಬ್ಬರು ಗ್ಯಾಸ್ ಎಂದರು. ಜನ್ಮದಲ್ಲಿ ಹೆಂಡ ಮುಟ್ಟದ ಮನುಷ್ಯನ ಬಾಯಿ ಮೂಸಿ ಮೇಲಧಿಕಾರಿಗಳು "ಕುಡಿದಿದ್ದಾನೆ" ಎಂದು ತೀರ್ಪಿತ್ತರು. ವಾಸನೆಯೇ ಇಲ್ಲವಲ್ಲ ಎಂದರೆ, "ದುಬಾರಿ ಮಾಲು ಇರಬೇಕು" ಎಂದರು. ನಾನು ಗಾಡಿ ಕರೆಸಿ ಆಸ್ಪತ್ರೆಗೆ ಹೊರಟೆ, ಅವರ ಹೆಂಡತಿಗೂ ಬರಹೇಳಿದೆ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. "ನನ್ನ ಕೈ ಹಿಸುಕಿ" ಎಂದರು. ಸಾಹೇಬರು ಹಿಸುಕಿದ ಜೋರಿಗೆ ಡಾಕ್ಟರಮ್ಮನೇ ಕೈ ಕೊಡವಿಕೊಂಡರು. "ಈಗ ಮೂಗು ಮುಟ್ಟಿಕೊಳ್ಳಿ." ಮಡಿಲಲ್ಲಿ ಸುಮ್ಮನಿದ್ದ ಬಲಗೈ ಮೂಗಿನ ಹತ್ತಿರ ಬರುತ್ತಲೇ ತೂರಾಡತೊಡಗಿತು, ಕೊನೆಗೆ ಕೆನ್ನೆಗೆ ಕುಟ್ಟಿತು. ಕಣ್ಣುಗುಡ್ಡೆಗಳು ಒಂದೆಡೆ ನಿಲ್ಲುತ್ತಿರಲಿಲ್ಲ.

"ಶಕ್ತಿ ಇದೆ, ಗುರಿ ತಪ್ತಿದೆ. ತಲೆಯ ಹಿಂಭಾಗದ ಕಿರುಮೆದುಳಿಗೆ ರಕ್ತ ಹೋಗ್ತಿಲ್ಲ ಅನ್ಸುತ್ತೆ. ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಇಲ್ಲದಿದ್ರೆ ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡಬಹುದು. ಆದ್ರೆ ಶುರುವಾಗಿ ನಾಲ್ಕೂವರೆ ಗಂಟೆ ಮೀರಿರಬಾರದು. ಯಾವಾಗ ಶುರುವಾಯ್ತು?"

"ಬೆಳಿಗ್ಗೆ" ಎಂದೆ.

"ಬೆಳಿಗ್ಗೆ ಅಂದ್ರೆ ಎಷ್ಟೊತ್ತಿಗೆ? ಗೊತ್ತಿಲ್ಲದೆ ಆ ಇಂಜೆಕ್ಷನ್ ಕೊಡೋಕಾಗಲ್ಲ."

ಅವರ ಹೆಂಡತಿ ನನ್ನ ಮುಖ ನೋಡಿದರು. ಇಡೀ ಬೆಳಿಗ್ಗೆ ಎರಡು ಮಾರು ದೂರದಲ್ಲಿ ಕೂತಿದ್ದ ನಾನು ಒಮ್ಮೆಯೂ ಅತ್ತ ತಿರುಗಿರಲಿಲ್ಲ. ನಾಚಿಕೆಯಾಯಿತು. ಆಗ ಹೊಳೆಯಿತು. ಮೇಲಧಿಕಾರಿಗೆ ಫೋನ್ ಮಾಡಿ ಸಾಹೇಬರ ಆವತ್ತಿನ ಅರ್ಜಿಗಳ ಕಟ್ಟು ಬಿಚ್ಚಿಸಿದೆ.

"ಇಪ್ಪತ್ಮೂರನೇದು ಸರಿಯಾಗಿದೆ, ಹನ್ನೊಂದೂ ಹತ್ತು. ಇಪ್ಪತ್ನಾಲ್ಕು ಗೆರೆ ಮೇಲಿದೆ, ಹನ್ನೊಂದೂ ಇಪ್ಪತ್ತು. ಇಪ್ಪತ್ತೈದು ಅರ್ಧ ಹೊರಗೆ. ಇಪ್ಪತ್ತಾರರ ಮುದ್ರೆ..." ಅವರ ದನಿ ಇಳಿಯಿತು. "ಮೇಜಿನ ಮೇಲಿದೆ ಕಣ್ರೀ."

ಆಸ್ಪತ್ರೆಯ ಗೋಡೆ ಗಡಿಯಾರದಲ್ಲಿ ಒಂದೂ ಕಾಲು. ಹನ್ನೊಂದೂ ಹತ್ತರವರೆಗೆ ಕೈ ನೆಟ್ಟಗಿತ್ತು ಅಂದರೆ, ಇನ್ನೂ ಸಮಯವಿತ್ತು.

ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಕಾಣಲಿಲ್ಲ. ಒಪ್ಪಿಗೆ ಪತ್ರಕ್ಕೆ ಹೆಂಡತಿ ಅವಸರದಲ್ಲಿ ಸಹಿ ಹಾಕಿದರು. ಮಲಗಿದ್ದಲ್ಲಿಂದಲೇ ನಮ್ಮ ಸಾಹೇಬರು ಓರೆಗಣ್ಣಲ್ಲಿ ನೋಡಿ ತೊದಲಿದರು: "ಗೆ...ರೆ ದಾಟಿದೆ."

"ನಿಮ್ಮ ಗೆರೆಗೆ ಬೆಂಕಿ ಹಾಕ!" ಎಂದು ಆ ತಾಯಿ ಗಳಗಳನೆ ಅತ್ತರು. ನಾನೂ ಅತ್ತೆ. ಡಾಕ್ಟರಮ್ಮ ಪತ್ರ ಕಸಿದುಕೊಂಡು ಓಡಿದರು.

ನಾಲ್ಕು ತಿಂಗಳ ನಂತರ ಸಾಹೇಬರು ಊರುಗೋಲು ಹಿಡಿದು ಕೆಲಸಕ್ಕೆ ಬಂದರು. ಅರ್ಜಿ ಹಿಡಿದು ಮೊದಲು ಬಂದವರು ಅದೇ ಮೇಷ್ಟ್ರು. ಸಹಿ ಈ ಸಲವೂ ಗೆರೆಯಾಚೆ. ಅದನ್ನು ನೋಡಿಯೂ ಸಾಹೇಬರು ತುಟಿ ಪಿಟಕ್ಕೆನ್ನದೆ ಮುದ್ರೆ ಎತ್ತಿದರು. ಚೌಕದ ಹತ್ತಿರ ಬಂದಾಗ ಕೈ ಅಲುಗಿತು, ಅರ್ಧ ಮುದ್ರೆ ಹೊರಗೆ ಬಿತ್ತು. ಅವರು ಅದನ್ನೇ ನೋಡುತ್ತಾ ಕೂತರು.

"ಓದೋಕೆ ಬರುತ್ತೆ ಸಾರ್, ಸಾಕು" ಎಂದರು ಮೇಷ್ಟ್ರು.

ಸಾಹೇಬರು ಪೆನ್ನು ತೆಗೆದುಕೊಂಡು ಎಂದಿನಂತೆ ಪಕ್ಕದಲ್ಲಿ ಸಮಯ ಬರೆದರು. ಅಂಕಿಗಳು ದೊಡ್ಡದಾಗಿ ಚೆಲ್ಲಾಡಿದ್ದವು. ಹೊತ್ತು ಮಾತ್ರ ಸರಿಯಾಗಿತ್ತು.