ಪರದೆಯಲ್ಲಿ ಕೂತ ನಲವತ್ತೇಳು

ನಿವೃತ್ತಿಯಾದ ಮೇಲೆ ನಾನು ಹುನಗುಂದದ ಒಂದು ಖಾಸಗಿ ದವಾಖಾನೆಯಲ್ಲಿ ಚೀಟಿ ಕೊಡುವ ಕೆಲಸಕ್ಕೆ ಕೂತೆ. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಮಕ್ಕಳ ಕೈ ಹಿಡಿದು ಅಂಕಿ ತಿದ್ದಿಸಿದವನಿಗೆ ಮನೆಯಲ್ಲಿ ಸುಮ್ಮನೆ ಕೂಡುವುದು ಆಗಲಿಲ್ಲ. ಹೆಂಡತಿಗೂ ನಾನು ಮನೆಯಲ್ಲಿರುವುದು ಬೇಕಾಗಿರಲಿಲ್ಲ. ಬೇಳೆ ಬೆಂದಿತೋ ಇಲ್ಲವೋ ಎಂದು ಗಳಿಗೆಗೊಮ್ಮೆ ಮುಚ್ಚಳ ತೆಗೆದು ನೋಡುವ ಗಂಡ ಯಾರಿಗೆ ಬೇಕು? ಡಾಕ್ಟರು ನನ್ನ ಹಳೆಯ ವಿದ್ಯಾರ್ಥಿ. "ಮಾಸ್ತರ್ರ, ನೀವು ಕುಂತ್ರ ಮಂದಿ ಗದ್ದಲ ಮಾಡೂದಿಲ್ಲ" ಎಂದ. ಅದು ನಿಜವಾಗಿತ್ತು. ಗದ್ದಲ ಮಾಡುವವನು ನಾನೊಬ್ಬನೇ.

ಮೊದಮೊದಲು ಸರದಿ ಬಂದವರನ್ನು ನಾನೇ ಕೂಗಿ ಕರೆಯುತ್ತಿದ್ದೆ. ಚೀಟಿಯಲ್ಲಿ ನಂಬರು ಇದ್ದರೂ ಬಾಯಲ್ಲಿ ಬರುತ್ತಿದ್ದದ್ದು ಊರು, ವರಸೆ. "ಅಮೀನಗಡದ ಕಾಕಾ, ಬರ್ರಿ ಒಳಗ." "ಕೂಡಲಸಂಗಮದ ಅವ್ವಾ, ಬರ್ರಿ ಒಳಗ." ಎರಡು ವರ್ಷದಲ್ಲಿ ಗಂಟಲು ಕೆಟ್ಟಿತು. ಆಗ ಡಾಕ್ಟರು ಗೋಡೆಗೆ ಒಂದು ದೊಡ್ಡ ಎಲ್‌ಸಿಡಿ ಪರದೆ ಹಾಕಿಸಿದ. ನನ್ನ ಮೇಜಿನ ಮೇಲಿನ ಕೀಲಿ ಒತ್ತಿದರೆ ಕಪ್ಪು ಪರದೆಯ ಮೇಲೆ ಮುಂದಿನ ನಂಬರು ಬೆಳ್ಳಗೆ ಮೂಡುತ್ತಿತ್ತು.

ಅದನ್ನು ಹಾಕಲು ಬಂದವನು ಇಳಕಲ್ಲಿನ ಟಿ.ವಿ. ರಿಪೇರಿಯವನು. ನಡುವಯಸ್ಸಿನವನು, ಮಾತಿಗೊಮ್ಮೆ ಕನ್ನಡಕ ಒರೆಸುತ್ತಿದ್ದ. ಹೋಗುವಾಗ ನನಗೆ ಪಾಠ ಹೇಳಿದ. "ಒಂದ ನಂಬರ್ ಭಾಳ ಹೊತ್ತು ನಿಂದ್ರಿಸಬ್ಯಾಡ್ರಿ ಮಾಸ್ತರ್ರ. ಬೆಳಕು ಕಡಿಮಿ ಇಡ್ರಿ. ಊಟಕ್ಕ ಹೋಗುಮುಂದ ಬಂದ್ ಮಾಡ್ರಿ. ನಡುನಡುವ ಯಾವುದಾರ ಓಡಾಡೂ ಚಿತ್ರಾ ಹಚ್ಚರಿ. ಇಲ್ಲಾಂದ್ರ ಅಂಕಿ ಅಲ್ಲೇ ಕೂತಬಿಡ್ತಾವು."

"ಹುಡುಗ್ರ ತಲ್ಯಾಗ ಮೂವತ್ತ ವರ್ಷ ಬಡಕೊಂಡ್ರೂ ಕೂಡಲಿಲ್ಲ, ಈ ಗಾಜಿನ್ಯಾಗ ಕೂಡ್ತಾವೇನಪಾ?" ಎಂದು ನಾನು ನಕ್ಕೆ. ವಯಸ್ಸಾದವರಿಗೆ ಕಾಣಲಿ ಎಂದು ಬೆಳಕನ್ನು ಪೂರ್ತಿ ಏರಿಸಿದೆ. ಅವನು ಹೇಳಿದ್ದರಲ್ಲಿ ಒಂದನ್ನೂ ಮಾಡಲಿಲ್ಲ.

ನನಗೆ ಅವನ ಮೇಲೆ ಬೇರೊಂದು ಸಿಟ್ಟಿತ್ತು. ಪರದೆಯ ಮೇಲೆ ಬರುತ್ತಿದ್ದದ್ದು ಇಂಗ್ಲಿಷ್ ಅಂಕಿ. ಕನ್ನಡ ಅಂಕಿ ಬರುವಂತೆ ಮಾಡು ಎಂದರೆ, ಇದರಲ್ಲಿ ಆ ಸೌಕರ್ಯ ಇಲ್ಲ ಎಂದ. ಹಾಗಾದರೆ ಚೀಟಿಯಾದರೂ ಕನ್ನಡದಲ್ಲೇ ಇರಲಿ ಎಂದು ನಾನು ಹಟ ಹಿಡಿದೆ. ಮಸಿಯ ಪೆನ್ನಿನಲ್ಲಿ, ದುಂಡಗೆ, ಶಾಲೆಯ ಕರಿಹಲಗೆಯ ಮೇಲೆ ಬರೆಯುವ ಹಾಗೆ ಕನ್ನಡ ಅಂಕಿ ಬರೆದು ಕೊಡುತ್ತಿದ್ದೆ. ಚೀಟಿ ತಿರುಗಿಸಿ ಮುರುಗಿಸಿ ನೋಡಿ "ಇದೆಷ್ಟ್ರಿ?" ಎಂದು ಕೇಳುವ ಜೀನ್ಸು ಪ್ಯಾಂಟಿನವರಿಗೆ ಸರಿಯಾಗಿ ಮಂಗಳಾರತಿ ಮಾಡುತ್ತಿದ್ದೆ. ಅದರಲ್ಲಿ ನನಗೆ ಸುಖವಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಪರದೆಯ ಕೆಳಗೆ ನನ್ನದೇ ಅಕ್ಷರದಲ್ಲಿ ಒಂದು ಕಾಗದ ಅಂಟಿಸಿದ್ದೆ: "ನಂಬರು ಮೇಲೆ ಬರುತ್ತದೆ. ಕೂಗುವುದಿಲ್ಲ. ಪದೇ ಪದೇ ಕೇಳಬಾರದು."

ಒಂದು ಶನಿವಾರ ಐಹೊಳೆಯಿಂದ ಇಬ್ಬರು ಅಕ್ಕತಂಗಿಯರು ಬಂದರು. ಇಬ್ಬರೂ ಅರವತ್ತು ದಾಟಿದವರು. ಅಕ್ಕ ಸಣಕಲು, ಮಾತು ಕಡಿಮೆ. ತಂಗಿ ಗಟ್ಟಿ ಹೆಂಗಸು. "ನಮ್ಮಕ್ಕಗ ನಿನ್ನಿಯಿಂದ ಭಾಳ ಸುಸ್ತು ಆಗೇತ್ರಿ" ಎಂದು ತಂಗಿಯೇ ಹೇಳಿದಳು. ನಾನು ೪೭ ಎಂದು ಬರೆದು ಕೊಟ್ಟೆ. ಅಕ್ಕ ಅದನ್ನು ನೋಡಿ, "ನಲವತ್ತೇಳು" ಎಂದು ಮೆಲ್ಲಗೆ ಓದಿದಳು. ನನಗೆ ಖುಷಿಯಾಯಿತು. "ಸಾಲಿ ಕಲತೀರೇನ್ರಿ?" ಎಂದೆ. "ಇಬ್ರೂ ಮೂರನೇತ್ತಾ ಮಟಾ ಕಲತೇವ್ರಿ" ಎಂದಳು ತಂಗಿ. ಅಕ್ಕನನ್ನು ಕಂಬದ ಪಕ್ಕದ ಕುರ್ಚಿಯಲ್ಲಿ ಕೂಡಿಸಿ, ಪರದೆ ತೋರಿಸಿ ಹೇಳಿದಳು: "ಈ ನಂಬರ್ ಅಲ್ಲಿ ಬಂದ ಕೂಡ್ಲೆ ಎದ್ದು ಒಳಗ ಹೋಗು. ನಾ ಒಂದೀಟು ಚಾ ಕುಡದು, ನಿನಗೂ ತರ್ತೇನಿ." ಅಕ್ಕ ತಲೆಯಾಡಿಸಿದಳು.

ನಲವತ್ತೇಳು ಬಂತು. ಯಾರೂ ಏಳಲಿಲ್ಲ. ಒಳಗೆ ಡಾಕ್ಟರು ಬಾಗಲಕೋಟೆಯ ಇನ್ನೊಬ್ಬ ಡಾಕ್ಟರ ಜೊತೆ ಫೋನಿನಲ್ಲಿದ್ದ. ನಾನು ಪತ್ರಿಕೆಯ ಪದಬಂಧ ಬಿಡಿಸುತ್ತಿದ್ದೆ. ಎರಡು ಸಲ ತಲೆ ಎತ್ತಿ ನೋಡಿದ್ದು ನೆನಪಿದೆ. ಕಂಬದ ಪಕ್ಕದ ಆ ಹೆಂಗಸು ಕೈಯಲ್ಲಿದ್ದ ಚೀಟಿ ನೋಡುತ್ತಿದ್ದಳು, ಪರದೆ ನೋಡುತ್ತಿದ್ದಳು, ಮತ್ತೆ ಚೀಟಿ ನೋಡುತ್ತಿದ್ದಳು. ನೋಡಿದೆ. ನೋಡಿ ಮತ್ತೆ ಪದಬಂಧಕ್ಕೆ ತಲೆ ಬಗ್ಗಿಸಿದೆ. ಇಪ್ಪತ್ತು ನಿಮಿಷವಾದರೂ ಆಗಿರಬೇಕು.

ತಂಗಿ ಕಾಗದದ ಲೋಟದಲ್ಲಿ ಚಹಾ ಹಿಡಿದು ಬಂದು "ಅಕ್ಕಾ" ಎಂದು ಭುಜ ಮುಟ್ಟಿದಳು. ಅಕ್ಕ ಕಂಬಕ್ಕೆ ಒರಗಿಕೊಂಡವಳು ಹಾಗೆಯೇ ವಾಲಿದಳು. ಡಾಕ್ಟರು ಓಡಿ ಬಂದು ನೆಲದ ಮೇಲೆ ಮಲಗಿಸಿ ಎದೆ ಒತ್ತಿದ. ಬಹಳ ಹೊತ್ತು ಒತ್ತಿದ. ಆಮೇಲೆ ಕೈ ಬಿಟ್ಟು ಎದ್ದು ನಿಂತ. ಅವಳ ಬೆರಳಿನಿಂದ ಚೀಟಿ ಜಾರಿ ನನ್ನ ಕಾಲ ಬಳಿ ಬಿದ್ದಿತ್ತು. ಎತ್ತಿಕೊಂಡೆ. ನನ್ನದೇ ದುಂಡು ಅಕ್ಷರ, ೪೭. ತಲೆ ಎತ್ತಿದರೆ ಗೋಡೆಯ ಮೇಲೆ 47. ಇವೆರಡೂ ಒಂದೇ ಎಂದು ಆಕೆಗೆ ಯಾರೂ ಕಲಿಸಿರಲಿಲ್ಲ ಎಂಬುದು ಆಗ ನನಗೆ ಹೊಳೆಯಿತು.

"ಮಾಸ್ತರ್ರ, ನಾ ಹೊರಗ ಹೋದಾಗ ನಂಬರ್ ಬಂದಿತ್ತೇನ್ರಿ?" ತಂಗಿ ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು.

"ಇಲ್ಲವ್ವಾ, ಇನ್ನಾ ಬಂದಿರಲಿಲ್ಲ" ಎಂದೆ. ಯೋಚಿಸಿ ಹೇಳಿದ ಸುಳ್ಳಲ್ಲ, ಬಾಯಿಯೇ ಹೇಳಿಬಿಟ್ಟಿತು. ಚೀಟಿಯನ್ನು ಅವಳ ಕೈಗೇ ಕೊಟ್ಟೆ. ಅವಳು ನೋಡದೆ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಆ ದಿನ ಉಳಿದವರೆಲ್ಲ ಎದ್ದು ಹೋದರು. ನಾನು ದೀಪ ಆರಿಸಿ ಶಟರ್ ಎಳೆದು ಮನೆಗೆ ಹೋದೆ. ಪರದೆ ಇನ್ವರ್ಟರಿನ ಲೈನಿನ ಮೇಲಿತ್ತು. ಅದನ್ನು ಆರಿಸಲಿಲ್ಲ. ಶನಿವಾರ ಮಧ್ಯಾಹ್ನದಿಂದ ಸೋಮವಾರ ಬೆಳಗಿನವರೆಗೆ, ಬಾಗಿಲು ಮುಚ್ಚಿದ ಖಾಲಿ ಹಾಲಿನಲ್ಲಿ, ನಲವತ್ತೇಳು ಒಂದೇ ಸಮನೆ ಉರಿಯುತ್ತಿತ್ತು.

ಸೋಮವಾರ ಕೀಲಿ ಒತ್ತಿ ಪರದೆಗೆ ಒಂದನೇ ನಂಬರು ತಂದೆ. ಒಂದರ ಹಿಂದೆ ನಲವತ್ತೇಳು ಇತ್ತು. ಮಸುಕಾಗಿ, ಬೂದಿ ಬಣ್ಣದಲ್ಲಿ. ಎರಡನೇ ನಂಬರು ತಂದೆ, ಅದರ ಹಿಂದೆಯೂ ಇತ್ತು. ಪರದೆಯನ್ನು ಪೂರ್ತಿ ಆರಿಸಿದರೆ ಕಾಣುತ್ತಿರಲಿಲ್ಲ. ಹಚ್ಚಿದರೆ, ಬಾಗಿಲ ಸಂದಿಯಲ್ಲಿ ನಿಂತವರು ಮುಂದೆ ಬಂದ ಹಾಗೆ, ಮೆಲ್ಲಗೆ ಬರುತ್ತಿತ್ತು. "ಮಾಸ್ತರ್ರ, ಹಿಂದ ಇನ್ನೊಂದು ನಂಬರ್ ನಿಂತೈತಲ್ರಿ" ಎಂದು ಜನ ಕೇಳತೊಡಗಿದರು. ಯಾರದು ಎಂದು ಊರಿಗೆಲ್ಲ ಗೊತ್ತಾಗಲು ಎರಡು ದಿನ ಸಾಕಾಯಿತು. ಕಂಬದ ಪಕ್ಕದ ಕುರ್ಚಿಯಲ್ಲಿ ಯಾರೂ ಕೂಡಲಿಲ್ಲ, ನಿಂತುಕೊಂಡರು. ನಲವತ್ತೇಳನೆಯ ಚೀಟಿ ಬರೆದು ಕೊಟ್ಟರೆ, "ನಾಳೆ ಬರ್ತೇನ್ರಿ" ಎಂದು ವಾಪಸು ಇಟ್ಟು ಹೋದರು. ನಲವತ್ತಾರರಿಂದ ನೇರ ನಲವತ್ತೆಂಟಕ್ಕೆ ಹೋಗುವುದನ್ನು ನಾನೂ ರೂಢಿ ಮಾಡಿಕೊಂಡೆ.

ಇಳಕಲ್ಲಿಗೆ ಫೋನು ಮಾಡಿದೆ. ನಾನು ಹೇಳಿದ್ದೆನಲ್ಲ ಎಂದು ಅವನು ಆಡಿಕೊಳ್ಳಲಿಲ್ಲ. "ಪರದಿ ಕೆಟ್ಟಿಲ್ರಿ. ಬರೇ ಬಿಳಿ ಬಣ್ಣ ಹಚ್ಚಿ ತಾಸುಗಟ್ಟಲೆ ಬಿಡ್ರಿ. ಉಳದಾಗ ಬಂದ್ ಇಡ್ರಿ. ಬೆಳಕು ಇಳಸ್ರಿ. ನಿಧಾನಕ ಬಿಡ್ತೈತಿ" ಎಂದ. ಎಷ್ಟು ದಿನ ಎಂದು ಕೇಳಿದರೆ, "ಅದು ಅದರ ಮ್ಯಾಲೈತ್ರಿ" ಎಂದ.

ದಿನಾ ಮಧ್ಯಾಹ್ನ, ಡಾಕ್ಟರು ಊಟಕ್ಕೆ ಹೋದ ಮೇಲೆ, ಶಟರ್ ಅರ್ಧ ಇಳಿಸಿ ಬಿಳಿ ಪರದೆ ಹಚ್ಚುತ್ತಿದ್ದೆ. ಸಾಲು ಕುರ್ಚಿಗಳ ಮೇಲೆಲ್ಲ ಆ ಬಿಳುಪು ಬೀಳುತ್ತಿತ್ತು. ನಡುವೆ ನಲವತ್ತೇಳು. ನಾನು ಬುತ್ತಿ ಬಿಚ್ಚಿ, ರೊಟ್ಟಿ ಮುರಿದು, ಹಾಗೆಯೇ ಮುಚ್ಚುತ್ತಿದ್ದೆ. ಕಂಬದ ಕಡೆಯಿಂದ ಯಾರೋ ಚೀಟಿ ನೋಡುತ್ತಿದ್ದಾರೆ, ಈಗ ನನ್ನ ಕಡೆ ನೋಡುತ್ತಾರೆ ಎನಿಸುತ್ತಿತ್ತು. ಬೆನ್ನು ಹಾಕಿ ಕೂತರೆ ಇನ್ನೂ ಹೆಚ್ಚು. ನಾನು ದೆವ್ವ ಭೂತ ನಂಬುವವನಲ್ಲ. ಆದರೂ ಹೆದರಿದ್ದೆ. ನನ್ನ ಸುಳ್ಳು ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಕೂತಿತ್ತು.

ಮೂರನೆಯ ವಾರ ತಂಗಿ ಬಂದಳು. ಅಕ್ಕನ ಸಾವಿನ ಬಗ್ಗೆ ಡಾಕ್ಟರ ಸಹಿಯ ಕಾಗದ ಬೇಕಿತ್ತು. ಅವಳು ಅರ್ಧ ಶಟರಿನ ಕೆಳಗೆ ಬಗ್ಗಿ ಒಳಗೆ ಬಂದಾಗ ಬಿಳಿ ಪರದೆ ಹಚ್ಚಿತ್ತು. ಗಟ್ಟಿಯಾಗಿದ್ದವಳು ಸೊರಗಿ ಅಕ್ಕನ ಹಾಗೆಯೇ ಕಾಣುತ್ತಿದ್ದಳು. ಒಂದು ಕ್ಷಣ ಅಕ್ಕನೇ ಬಂದಳು ಎಂದುಕೊಂಡೆ.

ಡಾಕ್ಟರು ಬರುವ ತನಕ ಕೂಡಿ ಎಂದೆ. ಚಹಾ ತರಿಸಲೇ ಎಂದು ಕೇಳಿದೆ.

"ಚಾ ಬಿಟ್ಟೇನ್ರಿ. ನೀ ಚಾ ಕುಡಿಯಾಕ ಹೋಗಿದ್ದಕ್ಕ ನಮ್ಮವ್ವ ಸತ್ಲು ಅಂತಾನ್ರಿ ಅಕ್ಕನ ಮಗ. ಮನ್ಯಾಗ ಯಾರೂ ಮಾತಾಡೂದಿಲ್ಲ." ಅವಳು ಪರದೆಯನ್ನು ನೋಡುತ್ತಿದ್ದಳು. "ಅಲ್ಲಿ ಕಾಣಸ್ತೈತಲ್ಲ, ಅದು ನಮ್ಮಕ್ಕನ ನಂಬರ್ ಅಂತ ಊರಾಗ ಮಂದಿ ಆಡಕೊಳ್ಳಾಕತ್ತಾರ. ಅದನ್ನೊಮ್ಮಿ ನೋಡಬೇಕಂತನೂ ಬಂದ್ನಿ."

ಸೆರಗಿನ ಗಂಟು ಬಿಚ್ಚಿ ಚೀಟಿ ತೆಗೆದಳು. ಪರದೆಯ ಹತ್ತಿರ ಹೋಗಿ, ಅದನ್ನು ಎತ್ತಿ ಹಿಡಿದು, ಒಂದೊಂದೇ ಅಂಕಿಯನ್ನು ಹೋಲಿಸಿ ನೋಡಿದಳು. ಅಕ್ಕ ಅಂದು ನೋಡಿದ ಹಾಗೆಯೇ ನೋಡಿದಳು: ಚೀಟಿ, ಪರದೆ, ಮತ್ತೆ ಚೀಟಿ. ಆಮೇಲೆ ಉಸಿರು ಬಿಟ್ಟಳು.

"ಇದಲ್ರಿ. ನಮ್ಮಕ್ಕಂದು ಬ್ಯಾರೇನ ಐತಿ. ನೀವು ಹೇಳಿದ್ದು ಖರೇ ಐತ್ರಿ ಮಾಸ್ತರ್ರ, ನಂಬರ್ ಬಂದಿರಲಿಲ್ಲ."

ಅಲ್ಲಿಗೆ ಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಅವಳಿಗೂ ಸಮಾಧಾನ, ನನಗೂ ಬಿಡುಗಡೆ. ಹಾಗೇ ಬಿಡೋಣ ಎಂದು ಮನಸ್ಸಿಗೆ ಬಂದದ್ದೂ ನಿಜ. ಆದರೆ ಅವಳು ನನ್ನ ಮಾತನ್ನು ನಂಬಿ ಅಷ್ಟು ಹಗುರಾಗಿ ನಿಂತದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಅವಳ ಕೈಯಿಂದ ಚೀಟಿ ತೆಗೆದುಕೊಂಡೆ. ೪ರ ಕೆಳಗೆ 4 ಬರೆದೆ. ೭ರ ಕೆಳಗೆ 7 ಬರೆದೆ. ಒಂದನೇ ಇಯತ್ತೆಯ ಮಕ್ಕಳಿಗೆ ಕಲಿಸುವ ಹಾಗೆ, ಬೆರಳಿಟ್ಟು ತೋರಿಸಿದೆ.

"ಇದು ಇಂಗ್ಲಿಷ್ ನಾಕು. ಇದು ಇಂಗ್ಲಿಷ್ ಏಳು. ಬೋರ್ಡಿನ್ಯಾಗ ಹಿಂಗ ಬರ್ತೈತಿ. ಅಂದು ನಾ ಸುಳ್ಳ ಹೇಳಿದ್ನಿ ಅವ್ವಾ."

ಅವಳು ಚೀಟಿಯನ್ನು ಮತ್ತೆ ಪರದೆಯ ಪಕ್ಕ ಹಿಡಿದಳು.

"ಹಂಗಾದ್ರ ನೀವು ನಮ್ಮಕ್ಕನ್ನ ಕರದಿದ್ರಿ."

"ಇಲ್ಲವ್ವಾ, ಕರೀಲಿಲ್ಲ. ಬರೇ ತೋರಿಸಿದ್ನಿ."

"ಅಕಿ ನಿದ್ದಿ ಮಾಡಿದ್ಲೇನ್ರಿ?"

"ಇಲ್ಲ. ಎಚ್ಚರ ಇದ್ರು. ನೀವು ಹೇಳಿದಂಗ ಚೀಟಿ ನೋಡ್ತಿದ್ರು, ಬೋರ್ಡ್ ನೋಡ್ತಿದ್ರು. ನಾ ಕಣ್ಣಾರೆ ನೋಡೇನಿ. ತಪ್ಪು ನಿಮ್ಮ ಚಾದ್ದಲ್ಲ, ನಂದು. ನಿಮ್ಮ ಮನಿಗೆ ಬಂದು ಅವರ ಮಗನ ಮುಂದ ಇದನ್ನ ಹೇಳ್ತೇನಿ."

ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ. ಮೂರು ವಾರದಿಂದ ಯಾರೂ ಕೂಡದ ಆ ಕಂಬದ ಪಕ್ಕದ ಕುರ್ಚಿಗೆ ಹೋಗಿ ಕೂತಳು. ಸೆರಗು ಸರಿಮಾಡಿಕೊಂಡು ಮುಂದೆ ನೋಡಿದಳು.

"ಈ ಬೋರ್ಡ್ ಬರೂಕಿಂತ ಮೊದಲ ಹೆಂಗ ಕರೀತಿದ್ರಿ ನೀವು?"

"ಊರ ಹೆಸರು ಹಿಡದು."

"ಹಂಗ ಒಮ್ಮಿ ಕರೀರಿ."

ನನ್ನ ಗಂಟಲು ಕೆಟ್ಟದ್ದು ಹಾಗೆಯೇ ಇತ್ತು. ಆದರೂ ಮೇಜಿನ ಹಿಂದೆ ಹೋಗಿ ನಿಂತು, ಖಾಲಿ ಹಾಲಿಗೆಲ್ಲ ಕೇಳುವ ಹಾಗೆ ಕರೆದೆ.

"ಐಹೊಳಿ ಅವ್ವಾ, ಬರ್ರಿ ಒಳಗ."

ತಂಗಿ ಕುರ್ಚಿಯಿಂದ ಏಳಲಿಲ್ಲ. ಪಕ್ಕಕ್ಕೆ ಮೊಣಕಾಲು ಸರಿಸಿ, ಯಾರಿಗೋ ದಾಟಲು ದಾರಿ ಬಿಟ್ಟಳು.